ಗೊಂಚಿಗ್ ಮೇಷ್ಟ್ರ ಒಂದು ಪಾಯಿಂಟು

ಗೊಂಚಿಗ್ ಮೇಷ್ಟ್ರಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ನಮ್ಮ ಹಾಲು-ಉಪ್ಪಿನ ಚಹಾಕ್ಕೆ ಉಪ್ಪು ಕಡಿಮೆಯಾದರೆ ಸಿಟ್ಟು, ಬಸ್ಸು ತಡವಾದರೆ ಸಿಟ್ಟು, ಸೆಪ್ಟೆಂಬರಿನಲ್ಲೇ ಹಿಮ ಬಿದ್ದರೆ ಆಕಾಶದ ಮೇಲೆ ಸಿಟ್ಟು. ಇವೆಲ್ಲ ಚಿಲ್ಲರೆ. ಅವರ ಅಸಲಿ ಸಿಟ್ಟು ಬೇರೆಯೇ ಇತ್ತು. ಹನ್ನೊಂದು ವರ್ಷದಿಂದ ಅವರು ಮಂಗೋಲಿಯದ ಹದಿನೇಳರ ಒಳಗಿನ ಹುಡುಗರ ಫುಟ್‌ಬಾಲ್ ತಂಡದ ಕೋಚ್. ಈ ಹನ್ನೊಂದು ವರ್ಷದಲ್ಲಿ ತಂಡ ಹೊರದೇಶದವರ ಎದುರು ಒಂದೇ ಒಂದು ಪಂದ್ಯ ಗೆದ್ದಿರಲಿಲ್ಲ. ಗೆಲ್ಲುವುದಿರಲಿ, ಸಮ ಕೂಡ ಮಾಡಿಕೊಂಡಿರಲಿಲ್ಲ. ಗೆದ್ದರೆ ಮೂರು ಪಾಯಿಂಟು, ಸಮವಾದರೆ ಒಂದು ಪಾಯಿಂಟು, ಸೋತರೆ ಸೊನ್ನೆ. ಇಪ್ಪತ್ತಾರು ಪಂದ್ಯ ಆಡಿ ಇಪ್ಪತ್ತಾರು ಸೊನ್ನೆ ಹೊತ್ತು ತಂದಿದ್ದರು.

ಕಾರಣ ಕೇಳಿದರೆ ಬೆರಳು ಮಡಿಸುತ್ತಾ ಶುರು ಮಾಡುತ್ತಿದ್ದರು. ವರ್ಷದಲ್ಲಿ ಏಳು ತಿಂಗಳು ಉಲಾನ್‌ಬಾತರಿನ ನೆಲ ಕಲ್ಲಾಗಿರುತ್ತದೆ. ಆಗೆಲ್ಲ ಶಾಲೆಯ ವ್ಯಾಯಾಮದ ಹಾಲಿನಲ್ಲಿ, ಬಾಸ್ಕೆಟ್‌ಬಾಲಿನವರು ಬಿಟ್ಟುಕೊಟ್ಟ ಹೊತ್ತಿನಲ್ಲಿ ಅಭ್ಯಾಸ ನಡೆಯಬೇಕು. ಮರದ ನೆಲದ ಮೇಲೆ ಚೆಂಡು ಒಂದು ಥರ ಪುಟಿಯುತ್ತದೆ, ಮೈದಾನದ ಮೇಲೆ ಇನ್ನೊಂದು ಥರ. ಹುಡುಗರಿಗೆ ಎರಡನೆಯದು ಅಭ್ಯಾಸವಾಗುವಷ್ಟರಲ್ಲಿ ಮತ್ತೆ ಚಳಿಗಾಲ. ಇನ್ನು ಆಟಗಾರರು ಎಲ್ಲಿಂದ ಸಿಗಬೇಕು?

"ಗಟ್ಟಿಮುಟ್ಟಾಗಿರೋರನ್ನ ಕುಸ್ತಿಯವರು ಎತ್ಕೊಂಡು ಹೋಗ್ತಾರೆ. ಹಗುರ ಇರೋರನ್ನ ಕುದುರೆ ಮೇಲೆ ಕೂರಿಸ್ತಾರೆ. ಎರಡಕ್ಕೂ ಬೇಡವಾದೋರು ನನ್ನ ಹತ್ರ ಬರ್ತಾರೆ," ಎಂದು ಅವರು ಹುಡುಗರ ಎದುರಿಗೇ ಹೇಳುತ್ತಿದ್ದರು. ಹುಡುಗರು ನಗುತ್ತಿದ್ದರು. ನಕ್ಕರೆ ಮೇಷ್ಟ್ರಿಗೆ ಇನ್ನಷ್ಟು ಉರಿಯುತ್ತಿತ್ತು.

ಬೆರಳೆಲ್ಲ ಮುಗಿದ ಮೇಲೆ ಕೊನೆಗೆ ಬರುತ್ತಿದ್ದದ್ದು ಕೈಕುಲುಕುವ ವಿಷಯ. ಅದು ಬಂದಾಗ ಮೇಷ್ಟ್ರ ದನಿಯೇ ಬದಲಾಗುತ್ತಿತ್ತು.

ನಮ್ಮಲ್ಲಿ ಒಬ್ಬರ ಕಾಲು ಇನ್ನೊಬ್ಬರ ಕಾಲಿಗೆ ತಾಗಿದರೆ ತಕ್ಷಣ ಕೈ ಕೊಡಬೇಕು. ಬಸ್ಸಿನಲ್ಲಾಗಲಿ ಮದುವೆ ಮನೆಯಲ್ಲಾಗಲಿ, ಗುರುತಿಲ್ಲದವರಾಗಲಿ ಮಾತು ಬಿಟ್ಟವರಾಗಲಿ, ಕೈ ಕೊಡದೆ ಹೋದರೆ ಇಬ್ಬರ ನಡುವೆ ಹಗೆ ಉಳಿದುಬಿಡುತ್ತದೆ. ಇದನ್ನು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ಆಗಷ್ಟೇ ನಡೆಯಲು ಬಂದ ಮಗು ಅಜ್ಜಿಯ ಕಾಲು ತುಳಿದಾಗ ಅಜ್ಜಿ ಅದರ ಪುಟ್ಟ ಕೈ ಹಿಡಿದು ಅಲ್ಲಾಡಿಸುತ್ತಾಳೆ, ಅಷ್ಟೇ. ಆಮೇಲೆ ಆ ಕೈ ಸಾಯುವ ತನಕ ತಾನಾಗಿಯೇ ಮುಂದೆ ಬರುತ್ತಿರುತ್ತದೆ. ಇಂಥ ಜನರನ್ನು ಹಿಡಿದು ತಂದು ಇಪ್ಪತ್ತೆರಡು ಮಂದಿ ಒಬ್ಬರ ಕಾಲನ್ನೊಬ್ಬರು ತುಳಿದಾಡುವ ಆಟಕ್ಕೆ ಬಿಟ್ಟರೆ ಏನಾಗಬೇಕೋ ಅದೇ ಆಗುತ್ತಿತ್ತು. ಪೇಟೆಯಲ್ಲಿ ಬೆಳೆದ ಹುಡುಗರಿಗೆ ಆಡಿ ಆಡಿ ಸ್ವಲ್ಪ ಮರೆತಿರುತ್ತಿತ್ತು. ಕುರಿ ಮಂದೆಯ ನಡುವಿನಿಂದ ಓದಲು ಬಂದವರ ಪಾಡು ಹೇಳತೀರದು. ಎದುರಾಳಿಯ ಕಾಲು ತುಳಿದದ್ದೇ ತಡ, ಚೆಂಡು ಎಲ್ಲಾದರೂ ಇರಲಿ, ನಿಂತು ಬಲಗೈ ಚಾಚುತ್ತಿದ್ದರು. ಒಂದು ಚಳಿಗಾಲವಿಡೀ ಮೇಷ್ಟ್ರು ಹಳೆಯ ಪಂದ್ಯಗಳ ವಿಡಿಯೋ ಹಾಕಿಕೊಂಡು ಕೂತು ಲೆಕ್ಕ ತೆಗೆದರು. ಎರಡು ವರ್ಷದಲ್ಲಿ ಬಿಟ್ಟುಕೊಟ್ಟ ಗೋಲುಗಳಲ್ಲಿ ಐದು ಗೋಲು ಕೈಕುಲುಕುವುದರಿಂದ ಶುರುವಾಗಿದ್ದವು. ಐದು!

"ಐದು ಗೋಲು ಕಣೇ! ಚೆಂಡು ಕಾಲಲ್ಲಿಟ್ಕೊಂಡು ನೆಂಟಸ್ತನ ಬೆಳಸ್ತಾ ನಿಂತಿದ್ದಾರೆ," ಎಂದು ಹೆಂಡತಿ ಖಂದ್ಮಾಳಿಗೆ ತೋರಿಸಿದರು.

ಖಂದ್ಮಾ ಶಿಶುವಿಹಾರದಲ್ಲಿ ಅಡುಗೆಯವಳು. ದಿನವಿಡೀ ತೊಂಬತ್ತು ಮಕ್ಕಳಿಗೆ ಬಡಿಸಿ ಬಂದು ಕಾಲು ಚಾಚಿ ಕೂತಿದ್ದಳು. "ಮಿಕ್ಕಿದ ಐವತ್ತು ಗೋಲು ಹೇಗಾಯ್ತು ಮುದುಕಾ?" ಎಂದಳು. "ನಿನ್ನ ಹುಡುಗರಿಗೆ ಓಡಕ್ಕೆ ಬರಲ್ಲ, ಅದಕ್ಕೆ ಸೋಲ್ತಾರೆ. ಪಾಪದ ಕೈ ಮೇಲೆ ಯಾಕೆ ಹಾಕ್ತೀಯ?"

ಮೇಷ್ಟ್ರು ಆ ರಾತ್ರಿ ಊಟ ಬಿಟ್ಟರು. ಬೆಳಿಗ್ಗೆ ಎದ್ದು ಎರಡರಷ್ಟು ತಿಂದರು.

ಅವರಿಗೆ ಈ ಆಟ ಹತ್ತಿದ್ದು ರೈಲು ನಿಲ್ದಾಣದ ಹಿಂದಿನ ಬಯಲಿನಲ್ಲಿ. ಅಪ್ಪ ರೈಲ್ವೆಯಲ್ಲಿ ಹಳಿ ಬದಲಿಸುವ ಕೆಲಸದಲ್ಲಿದ್ದ. ಮಗನೂ ಅದಕ್ಕೇ ಸೇರಬೇಕಿತ್ತು. ಸೇರುವ ಬದಲು ರೈಲ್ವೆಯ ತಂಡದಲ್ಲಿ ಬಲಗಡೆಯ ರಕ್ಷಕನಾಗಿ ಆಡಿ, ಆಮೇಲೆ ದೇಶದ ಅಂಗಿ ತೊಟ್ಟು ನಾಲ್ಕು ಪಂದ್ಯ ಆಡಿದರು. ನಾಲ್ಕರಲ್ಲೂ ಸೋತರು. ಮೊಣಕಾಲು ಹೋದ ಮೇಲೆ ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರಾದರು. ಬಾಳಿನಲ್ಲಿ ಅವರಿಗೆ ಬೇರೆ ದೊಡ್ಡ ಆಸೆಗಳಿರಲಿಲ್ಲ. ಮಗಳಿಗೆ ಮದುವೆಯಾಗಿತ್ತು, ಎರಡು ಕೋಣೆಯ ಮನೆ ಬೆಚ್ಚಗಿತ್ತು. ಆ ಒಂದು ಪಾಯಿಂಟು ಮಾತ್ರ ಬೇಕಿತ್ತು. ಹೊರದೇಶದವರ ಎದುರು ತೊಂಬತ್ತು ನಿಮಿಷ ನಿಂತು ಸೋಲದೆ ಬರುವುದು ಹೇಗಿರುತ್ತದೆ ಎಂದು ಒಂದು ಸಲ ನೋಡಬೇಕಿತ್ತು. ಆಟಗಾರನಾಗಿ ಸಿಗಲಿಲ್ಲ, ಕೋಚ್ ಆಗಿಯಾದರೂ ಸಿಗಲಿ ಎಂಬ ಹಟ.

ಹಟಕ್ಕೆ ತಕ್ಕ ಹಾಗೆ ಒಂದು ಅಭ್ಯಾಸವನ್ನೂ ಅವರೇ ಕಟ್ಟಿದರು. ಹುಡುಗರನ್ನು ಎದುರುಬದುರು ಸಾಲಾಗಿ ನಿಲ್ಲಿಸುವುದು, ಸೀಟಿ ಊದಿದಾಗ ಒಬ್ಬ ಇನ್ನೊಬ್ಬನ ಕಾಲು ತುಳಿದು ಚೆಂಡು ಕಿತ್ತುಕೊಂಡು ಓಡಬೇಕು. ಕೈ ಮುಂದೆ ಬಂದರೆ ಮೈದಾನಕ್ಕೆ ಮೂರು ಸುತ್ತು.

"ಆ ಕೈಯೇನು ಹರಾಜಿಗಿಟ್ಟಿದ್ದೀಯೇನೋ? ಒಳಗಿಟ್ಕೊಳೋ! ಓಡೋ!"

ಮೊದಲ ವಾರ ಎಲ್ಲರೂ ಬರೀ ಸುತ್ತು ಹಾಕಿದರು. ಎರಡನೆಯ ತಿಂಗಳಿಗೆ ಕೈಗಳು ನಿಂತವು. ಮೇಷ್ಟ್ರ ಮುಖದಲ್ಲಿ ಅಪರೂಪಕ್ಕೆ ನಗು ಕಂಡಿತು. ಒಂದು ದಿನ ಸೀಟಿ ಮರೆತು ಬಟ್ಟೆ ಬದಲಿಸುವ ಕೋಣೆಗೆ ವಾಪಸು ಹೋದಾಗ ನೋಡುತ್ತಾರೆ, ಹುಡುಗರೆಲ್ಲ ಜೋಡಿ ಜೋಡಿಯಾಗಿ ನಿಂತು ಕೈಕುಲುಕುತ್ತಿದ್ದಾರೆ. ಗೋಲು ಕಾಯುವ ಶಿಜಿರ್ ಬಾಯಲ್ಲಿ ಎಣಿಸುತ್ತಿದ್ದಾನೆ. "ನೀನು ನನ್ನ ಎಂಟು ಸಲ ತುಳಿದೆ. ಆರು ಕೊಟ್ಟಿದ್ದೀಯ. ಇನ್ನೆರಡು ಕೊಡು. ಇವತ್ತಿಂದು ಇವತ್ತೇ ಮುಗಿದುಬಿಡ್ಲಿ."

ಮೇಷ್ಟ್ರು ಬಾಗಿಲು ಧಡಾರನೆ ಮುಚ್ಚಿಕೊಂಡು ಹೊರಟುಹೋದರು.

ಇಷ್ಟರ ನಡುವೆ ಆ ವರ್ಷ ಅರ್ಹತಾ ಪಂದ್ಯಗಳು ಮೊದಲ ಸಲ ನಮ್ಮೂರಿಗೇ ಬಂದವು. ಸೆಪ್ಟೆಂಬರಿನ ಕೊನೆಗೆ ಉಲಾನ್‌ಬಾತರಿನಲ್ಲಿ ಮೂರು ಪಂದ್ಯ: ಜಪಾನ್, ಲಾವೋಸ್, ಗುವಾಮ್. ಸುದ್ದಿ ತಂದವನು ಪುರೆವ್. ಫುಟ್‌ಬಾಲ್ ಸಂಘದ ಕಾರ್ಯದರ್ಶಿ, ಹಿಂದೆ ಮೇಷ್ಟ್ರ ಕೈಕೆಳಗೆ ಆಡಿದವನು. ಒಳ್ಳೆಯ ಕೋಟು ಹಾಕಿಕೊಂಡು ಶಾಲೆಗೇ ಬಂದಿದ್ದ. ಒಳ್ಳೆಯ ಸುದ್ದಿ ಹೇಳಿ ಮುಗಿಸಿಯೂ ಎದ್ದು ಹೋಗದೆ ಕೂತಿದ್ದ.

"ಇನ್ನೇನಿದೆ ಬೊಗಳು," ಎಂದರು ಮೇಷ್ಟ್ರು.

"ಮೇಷ್ಟ್ರೇ, ಜನವರಿಗೆ ಹೊರಗಿನಿಂದ ಒಬ್ಬ ಕೋಚ್ ಬರ್ತಾನೆ. ಸಭೇಲಿ ಹೆಚ್ಚುಕಮ್ಮಿ ತೀರ್ಮಾನ ಆಗಿದೆ."

"ಹೆಚ್ಚುಕಮ್ಮಿ ಅಂದ್ರೆ?"

"ನಾನೊಬ್ಬ ಬೇಡ ಅಂದೆ. ಅವರು, ನಿಮ್ಮ ಮೇಷ್ಟ್ರು ಇಷ್ಟು ವರ್ಷದಲ್ಲಿ ಒಂದು ಪಾಯಿಂಟಾದ್ರೂ ತಂದಿದ್ದಾರಾ ಅಂತ ಕೇಳಿದ್ರು. ಈ ಸಲ ಒಂದು ಪಾಯಿಂಟು ತಂದುಕೊಡಿ ಮೇಷ್ಟ್ರೇ. ಒಂದೇ ಒಂದು. ಅದನ್ನ ಹಿಡ್ಕೊಂಡು ನಾನು ಸಭೇಲಿ ಜಗಳ ಆಡ್ತೀನಿ."

ಮೇಷ್ಟ್ರು ಅವನಿಗೆ ಚಹಾ ಕೂಡ ಕೊಡದೆ ಕಳಿಸಿದರು. ಆಮೇಲೆ ಕಿಟಕಿಯ ಬಳಿ ನಿಂತು ಅವನ ಕಾರು ಹೋಗುವುದನ್ನೇ ನೋಡಿದರು. ಸಿಟ್ಟಿನ ಕೆಳಗೆ ಹೆದರಿಕೆಯೂ ಇರುತ್ತದೆ ಎಂದು ಅವರಿಗೆ ಅವತ್ತು ತಿಳಿಯಿತು.

ಜಪಾನಿನವರು ಎಂಟು ಗೋಲು ಹೊಡೆದರು. ಅದರ ಬಗ್ಗೆ ಹೇಳುವುದೇನೂ ಇಲ್ಲ. ನೆರೆಹೊರೆಯಲ್ಲಿ ಯಾರಾದರೂ ಕೇಳಿದರೆ ಮೇಷ್ಟ್ರು "ಗಾಳಿ ಜೋರಿತ್ತು" ಎನ್ನುತ್ತಿದ್ದರು.

ಲಾವೋಸಿನ ಪಂದ್ಯ ಹಾಗಾಗಲಿಲ್ಲ. ಎಪ್ಪತ್ತು ನಿಮಿಷ ಕಳೆದರೂ ಎರಡೂ ಕಡೆ ಗೋಲಿಲ್ಲ. ನಡುವಿನ ರಕ್ಷಕ ಓರ್ಗಿಲ್ ಒಂದು ಗೋಡೆಯ ಹಾಗೆ ಆಡುತ್ತಿದ್ದ. ಓರ್ಗಿಲ್ ಜಾವ್ಖಾನ್ ಪ್ರಾಂತ್ಯದ ಕುರಿಗಾಹಿಗಳ ಮಗ. ಬೆಟ್ಟದ ಮೇಲೆ ಗೆರ್ ಎಂಬ ದುಂಡು ಡೇರೆಗಳ ಬಡಾವಣೆಯಲ್ಲಿ ಅಜ್ಜಿಯ ಡೇರೆಯಲ್ಲಿದ್ದುಕೊಂಡು ಓದುತ್ತಿದ್ದ. ಉದ್ದನೆಯ ಕಾಲು, ಕಡಿಮೆ ಮಾತು. ಕುಸ್ತಿಯವರು ಅವನನ್ನು ಕೇಳಿದಾಗ ಮೇಷ್ಟ್ರು ಅವರ ಜೊತೆ ಜಗಳವಾಡಿ ಉಳಿಸಿಕೊಂಡಿದ್ದರು.

ಎಪ್ಪತ್ತೆರಡನೆಯ ನಿಮಿಷದಲ್ಲಿ ಓರ್ಗಿಲ್ ಲಾವೋಸಿನ ಹುಡುಗನಿಂದ ಚೆಂಡನ್ನು ಅಚ್ಚುಕಟ್ಟಾಗಿ ಕಿತ್ತುಕೊಂಡ. ತಪ್ಪೇನೂ ಇರಲಿಲ್ಲ, ರೆಫ್ರಿ ಸೀಟಿಯನ್ನೂ ಊದಲಿಲ್ಲ. ಆದರೆ ತಿರುಗುವಾಗ ಅವನ ಹಿಮ್ಮಡಿ ಆ ಹುಡುಗನ ಪಾದದ ಮೇಲೆ ಬಿತ್ತು. ಚೆಂಡು ಓರ್ಗಿಲ್‌ನ ಕಾಲಲ್ಲಿದೆ, ಮುಂದೆ ಬಯಲು ಖಾಲಿ. ಓರ್ಗಿಲ್ ನಿಂತ. ತಿರುಗಿದ. ಬಲಗೈ ಚಾಚಿದ. ಆ ಲಾವೋಸಿನ ಹುಡುಗ, ಪಾಪ, ಏನೆಂದು ತಿಳಿಯದಿದ್ದರೂ ಕೈ ಕೊಟ್ಟ. ಅಷ್ಟರಲ್ಲಿ ಅವನ ಜೊತೆಗಾರ ಬಂದು ಚೆಂಡು ಎತ್ತಿಕೊಂಡು ಹೋಗಿ ಶಿಜಿರ್‌ನ ಪಕ್ಕದಿಂದ ಒಳಗೆ ತಳ್ಳಿದ. ಒಂದು ಸೊನ್ನೆ. ಪಂದ್ಯ ಹಾಗೆಯೇ ಮುಗಿಯಿತು.

ಮೇಷ್ಟ್ರ ತಲೆ ಕೆಡಿಸಿದ್ದು ಆ ಗೋಲಿಗಿಂತ ಹೆಚ್ಚಾಗಿ ಹಿಂದಿನ ಸಾಲಿನಿಂದ ಬಂದ ಮಾತು. ಯಾರೋ ಮುದುಕ ಪಕ್ಕದವನಿಗೆ ಹೇಳುತ್ತಿದ್ದ: "ಹೋಗ್ಲಿ ಬಿಡು. ಹುಡುಗ ಕೈ ಕೊಟ್ಟನಲ್ಲ, ಒಳ್ಳೇ ಮನೆತನ."

ಬಟ್ಟೆ ಬದಲಿಸುವ ಕೋಣೆಯಲ್ಲಿ ಮೇಷ್ಟ್ರು ಓರ್ಗಿಲ್‌ನನ್ನು ಎಲ್ಲರ ಮುಂದೆ ನಿಲ್ಲಿಸಿ ಬೈದರು. ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ. ಬರೆಯಬಹುದಾದದ್ದು ಇಷ್ಟು.

"ನಿನಗೆ ಚೆಂಡು ಕಾಣಿಸ್ಲಿಲ್ವೇನೋ?"

"ಕಾಣಿಸ್ತು ಮೇಷ್ಟ್ರೇ."

"ಮತ್ತೆ ಯಾಕೋ ನಿಂತೆ?"

"ಗೊತ್ತಿಲ್ಲ ಮೇಷ್ಟ್ರೇ. ಕೈ ಹೋಗ್ಬಿಡ್ತು."

"ಕೈ ಹೋಗ್ಬಿಡ್ತು! ಪಾಯಿಂಟು ಹೋಯ್ತಲ್ಲೋ, ಅದು ಕಾಣಿಸ್ತಾ? ನನ್ನ ಹನ್ನೊಂದು ವರ್ಷ ಹೋಯ್ತು, ಅದು ಕಾಣಿಸ್ತಾ? ನಿನ್ನ ಕೈ ನಿನ್ನ ಮಾತು ಕೇಳಲ್ವಾ? ಏನೋ ಅದು, ಪಕ್ಕದ ಮನೆಯವರದಾ?"

ಓರ್ಗಿಲ್ ಅತ್ತ. ಹದಿನಾರರ ಹುಡುಗ, ಮೇಷ್ಟ್ರಿಗಿಂತ ಒಂದು ಗೇಣು ಎತ್ತರ, ಗೋಡೆಗೆ ಮುಖ ಮಾಡಿಕೊಂಡು ಅತ್ತ. ಉಳಿದವರು ನೆಲ ನೋಡುತ್ತಿದ್ದರು. ಮೇಷ್ಟ್ರಿಗೆ ಆಗಲೂ ಸಮಾಧಾನವಾಗಲಿಲ್ಲ. ಗುವಾಮಿನ ಪಂದ್ಯದಲ್ಲಿ ಕೈ ಮುಂದೆ ಬಂದರೆ ತಂಡದಲ್ಲೇ ಜಾಗವಿಲ್ಲ ಎಂದು ಹೇಳಿ, "ಹೇಳು, ಕೊಡಲ್ಲ ಅಂತ ಎಲ್ಲರ ಮುಂದೆ ಹೇಳು," ಎಂದು ಪಟ್ಟು ಹಿಡಿದರು.

"ಕೊಡಲ್ಲ ಮೇಷ್ಟ್ರೇ," ಎಂದ ಓರ್ಗಿಲ್.

ಮರುದಿನ ಬೆಳಿಗ್ಗೆ ಮೈದಾನದ ಗೇಟಿನಲ್ಲಿ ಅವನ ಅಜ್ಜಿ ಕಾಯುತ್ತಿದ್ದಳು. ನೀಲಿ ನಿಲುವಂಗಿ, ಕೈಯಲ್ಲಿ ಒಣ ಮೊಸರಿನ ಗಂಟು. ಎಪ್ಪತ್ತೆಂಟು ವರ್ಷದ ಮುದುಕಿ ಎರಡು ಬಸ್ಸು ಬದಲಿಸಿ ಬಂದಿದ್ದಳು. ಗಂಟನ್ನು ಮೊದಲು ಮೇಷ್ಟ್ರ ಕೈಗಿಟ್ಟಳು, ಬೈಗುಳ ಆಮೇಲೆ.

"ಏನಪ್ಪಾ, ನನ್ನ ಮೊಮ್ಮಗನಿಗೆ ಪರದೇಶದಲ್ಲೆಲ್ಲಾ ಹಗೆ ಕಟ್ಟಿಕೊಡ್ತಾ ಇದ್ದೀಯಂತೆ?"

"ಅಜ್ಜೀ, ಅದು ಆಟ. ಆಟದಲ್ಲಿ ಕಾಲು ತಾಗುತ್ತೆ."

"ತಾಗಲಿ. ತಾಗಬೇಡ ಅಂದ್ನಾ ನಾನು? ಕೈ ಕೊಟ್ರೆ ನಿನ್ನ ಗಂಟೇನು ಹೋಗುತ್ತೆ? ಒಂದು ಗಳಿಗೆಯ ಕೆಲಸ."

"ಆ ಒಂದು ಗಳಿಗೇಲಿ ಗೋಲಾಗುತ್ತೆ ಅಜ್ಜೀ!"

"ಅವರಿಗೂ ಹೇಳು, ಒಂದು ಗಳಿಗೆ ನಿಂತ್ಕೊಳ್ಳಿ ಅಂತ. ಮನುಷ್ಯರಲ್ವಾ ಅವರೂ?"

ಮೇಷ್ಟ್ರು ಹಣೆ ಚಚ್ಚಿಕೊಂಡರು. ಅರ್ಧ ಗಂಟೆ ವಾದ ಮಾಡಿದ ಮೇಲೆ ಒಂದು ಒಪ್ಪಂದಕ್ಕೆ ಬಂದರು. ಕೊನೆಯ ಸೀಟಿಯ ನಂತರ ಓರ್ಗಿಲ್ ಯಾರಿಗೆ ಎಷ್ಟು ಬೇಕಾದರೂ ಕೈ ಕೊಡಬಹುದು, ಮೇಷ್ಟ್ರು ಬಾಯಿ ಬಿಡುವ ಹಾಗಿಲ್ಲ. "ತಡವಾದ್ರೆ ಅಷ್ಟು ಒಳ್ಳೇದಲ್ಲ, ಆದ್ರೂ ನಡೆಯುತ್ತೆ," ಎಂದು ಗೊಣಗುತ್ತಾ ಅಜ್ಜಿ ಬಸ್ಸು ಹತ್ತಿದಳು.

ಗುವಾಮಿನ ಪಂದ್ಯ ಭಾನುವಾರ ಮಧ್ಯಾಹ್ನ ಎರಡಕ್ಕೆ. ಬೆಳಿಗ್ಗೆಯಿಂದ ಸಣ್ಣ ಸಣ್ಣ ಹರಳಿನಂಥ ಹಿಮ ಬೀಳುತ್ತಿತ್ತು. ದ್ವೀಪದಿಂದ ಬಂದ ಹುಡುಗರು ಕೈಗವಸು, ಟೋಪಿ, ಕುತ್ತಿಗೆಗೆ ಬಟ್ಟೆ ಎಲ್ಲ ಸುತ್ತಿಕೊಂಡು ನಡುಗುತ್ತಿದ್ದರು. ಅವರನ್ನು ನೋಡಿದಾಗ ಮೇಷ್ಟ್ರಿಗೆ ಆಕಾಶದ ಮೇಲೆ ಮೊದಲ ಸಲ ಪ್ರೀತಿ ಬಂತು. ನಮ್ಮ ಹುಡುಗರು ತೋಳು ಬಿಟ್ಟುಕೊಂಡೇ ಇಳಿದರು. ಖಂದ್ಮಾ ಮಾಂಸ ತುಂಬಿದ ಹೂಷೂರ್ ಕಡುಬು ಕರಿದುಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಪುರೆವ್ ಮೇಲಿನ ಗಣ್ಯರ ಜಾಗದಲ್ಲಿದ್ದ.

ಇಪ್ಪತ್ತನೆಯ ನಿಮಿಷದಲ್ಲಿ ಗುವಾಮಿನವರು ಗೋಲು ಹೊಡೆದರು. ಮೇಷ್ಟ್ರು ನೀರಿನ ಬಾಟಲಿ ಒದ್ದರು. ಅರವತ್ತೊಂದರಲ್ಲಿ ನಮ್ಮವರು ಹೊಡೆದ ಮೂಲೆ ಹೊಡೆತ ಯಾರದೋ ತಲೆಗೆ ತಾಗಿ, ಇನ್ಯಾರದೋ ಮೊಣಕಾಲಿಗೆ ಬಡಿದು ಒಳಗೆ ಹೋಯಿತು. ಹೊಡೆದವನಿಗೆ ಗೋಲಾದದ್ದು ಜನ ಕೂಗಿದ ಮೇಲೆಯೇ ತಿಳಿದದ್ದು. ಒಂದು ಒಂದು. ಮೇಷ್ಟ್ರು ಕುಣಿಯಲಿಲ್ಲ. ಕೈಗಡಿಯಾರ ನೋಡಿಕೊಂಡರು. ಆಮೇಲಿನ ಅರ್ಧ ಗಂಟೆಯಲ್ಲಿ ಅವರು ಅದನ್ನು ಎಷ್ಟು ಸಲ ನೋಡಿದರೆಂದರೆ ಪಕ್ಕದಲ್ಲಿ ಕೂತ ಬದಲಿ ಹುಡುಗರು ತಮ್ಮತಮ್ಮಲ್ಲೇ ನಗಲು ಶುರು ಮಾಡಿದರು.

ಎಪ್ಪತ್ತಾರನೆಯ ನಿಮಿಷ. ಗುವಾಮಿನ ಮುಂಚೂಣಿಯ ಹುಡುಗ ಚೆಂಡು ಹಿಡಿದು ನುಗ್ಗಿದ. ಓರ್ಗಿಲ್ ಅಡ್ಡ ಬಂದ, ಇಬ್ಬರೂ ತೊಡರಿದರು, ಓರ್ಗಿಲ್‌ನ ಬೂಟು ಆ ಹುಡುಗನ ಕಾಲ ಮೇಲೆ ಬಿತ್ತು. ಚೆಂಡು ಇಬ್ಬರಿಂದಲೂ ಜಾರಿ ನಮ್ಮ ಗೋಲಿನತ್ತ ಉರುಳುತ್ತಿತ್ತು. ಓರ್ಗಿಲ್‌ನ ಬಲಗೈ ಮೇಲೆದ್ದಿತು. ಆ ಕೈ ಅರ್ಧ ದಾರಿಯಲ್ಲಿ ನಿಂತು, ಮುಷ್ಟಿಯಾಗಿ, ಅಂಗಿಯ ಅಂಚನ್ನು ಹಿಡಿದುಕೊಂಡಿತು. ಓರ್ಗಿಲ್ ಓಡಿದ. ಗೋಲಿನ ಗೆರೆಯ ಮೇಲಿಂದ ಚೆಂಡನ್ನು ಆಚೆ ಒದ್ದ.

"ಭಲೇ ಮಗನೇ!" ಎಂದು ಮೇಷ್ಟ್ರು ಕಿರುಚಿದರು. ಹನ್ನೊಂದು ವರ್ಷದಲ್ಲಿ ಯಾರಿಗೂ ಹೇಳದ ಮಾತು ಅದು. ಅಲ್ಲಿಂದ ಮುಂದೆ ಓರ್ಗಿಲ್ ಆಗಾಗ ತಿರುಗಿ ಆ ಗುವಾಮಿನ ಹುಡುಗನನ್ನೇ ನೋಡುತ್ತಿದ್ದ. ಅದನ್ನು ಮೇಷ್ಟ್ರು ಕಂಡರೂ ಕಾಣದವರಂತೆ ಇದ್ದುಬಿಟ್ಟರು.

ತೊಂಬತ್ತಾಯಿತು. ನಾಲ್ಕು ನಿಮಿಷ ಹೆಚ್ಚಿಗೆ ಎಂದು ನಾಲ್ಕನೆಯ ರೆಫ್ರಿ ಹಲಗೆ ಎತ್ತಿ ತೋರಿಸಿದ. ಮೈದಾನದ ಹೊರಗೆ ನಿಂತು ಬದಲಿ ಆಟಗಾರರನ್ನು ಒಳಗೆ ಬಿಡುವುದು, ಹೊತ್ತು ತೋರಿಸುವುದು ಇವನ ಕೆಲಸ. ಯಾವುದೋ ಬಿಸಿಲ ದೇಶದ ಯುವಕ, ದಪ್ಪ ಕೈಗವಸು ಹಾಕಿಕೊಂಡು ಹಲಗೆಯನ್ನು ಎದೆಗವಚಿ ನಿಂತಿದ್ದ.

ಮೂರನೆಯ ಹೆಚ್ಚಿನ ನಿಮಿಷದಲ್ಲಿ ಓರ್ಗಿಲ್ ಕುಸಿದ. ಮೀನಖಂಡ ಹಿಡಿದುಕೊಂಡಿತ್ತು. ಚೆಂಡು ಗೆರೆ ದಾಟಿ ಹೊರಗೆ ಹೋಯಿತು. ಎಸೆತ ಗುವಾಮಿನವರದು, ನಮ್ಮ ಗೋಲಿನ ಹತ್ತಿರವೇ. ಓರ್ಗಿಲ್ ಹೇಗೋ ಎದ್ದು ಒಂಟಿ ಕಾಲಲ್ಲಿ ನಿಂತ. ಅವನ ಬದಲು ಇನ್ನೊಬ್ಬನನ್ನು ಬಿಡಬೇಕು, ಈಗಲೇ, ಎಸೆತಕ್ಕೆ ಮುಂಚೆ. ನಾಲ್ಕನೆಯ ರೆಫ್ರಿ ಹಲಗೆ ಎತ್ತಿದರೆ ಒಳಗಿನ ರೆಫ್ರಿ ಆಟ ತಡೆಯುತ್ತಾನೆ. ಹೊಸ ಹುಡುಗ ಗೆರೆಯ ಪಕ್ಕದಲ್ಲಿ ಸಿದ್ಧನಾಗಿ ನಿಂತಿದ್ದ. ಮೇಷ್ಟ್ರು ಬದಲಿಯ ಸಂಖ್ಯೆ ಬರೆದ ಚೀಟಿ ಹಿಡಿದು ಓಡಿದರು. ಹಿಮದ ಮೇಲೆ ಒಂದಿಷ್ಟು ಜಾರಿ, ಮುಗ್ಗರಿಸಿ, ಆ ಯುವಕನ ಪಾದದ ಮೇಲೆ ತಮ್ಮ ಇಡೀ ಭಾರ ಹಾಕಿ ತುಳಿದರು.

ಮೇಷ್ಟ್ರ ಬಲಗೈ ಮುಂದೆ ಬಂತು.

ಚೀಟಿ ಎಡಗೈಯಲ್ಲೇ ಉಳಿಯಿತು. ಯುವಕ ಆ ಕೈಯನ್ನು ನೋಡಿದ, ಮೇಷ್ಟ್ರ ಮುಖ ನೋಡಿದ. ಪಂದ್ಯ ಮುಗಿಯಿತೆಂದು ವಂದನೆ ಹೇಳಲು ಬಂದಿದ್ದಾರೆಂದು ತಿಳಿದನೋ ಏನೋ, ಇನ್ನೂ ಮುಗಿದಿಲ್ಲ ಎಂಬಂತೆ ತಲೆಯಾಡಿಸಿದ. ಮೇಷ್ಟ್ರು ಕೈ ಹಿಂದೆಗೆದುಕೊಳ್ಳಬಹುದಿತ್ತು. ಚೀಟಿ ಚಾಚಬಹುದಿತ್ತು. "ಹಲಗೆ, ಹಲಗೆ!" ಎಂದು ಕೂಗಬಹುದಿತ್ತು. ಏನನ್ನೂ ಮಾಡದೆ ಚಾಚಿದ ಕೈ ಚಾಚಿಕೊಂಡೇ ನಿಂತರು. ಯುವಕ ಗಲಿಬಿಲಿಗೊಂಡು ಹಲಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡ, ಒಂದೊಂದೇ ಬೆರಳು ಎಳೆದು ಕೈಗವಸು ಬಿಚ್ಚಿದ, ಕೈ ಕೊಟ್ಟ. ಮೇಷ್ಟ್ರು ಅದನ್ನು ಗಟ್ಟಿಯಾಗಿ ಹಿಡಿದು ಕುಲುಕಿದರು.

ಆಗ ಹಿಂದೆ ಗುವಾಮಿನವರ ಕೂಗು ಕೇಳಿಸಿತು.

ಉದ್ದನೆಯ ಎಸೆತ ನೇರವಾಗಿ ಓರ್ಗಿಲ್ ನಿಂತಲ್ಲಿಗೆ ಬಂದಿತ್ತು. ಎರಡೂ ಕಾಲು ಸರಿಯಿದ್ದಿದ್ದರೆ ಕಣ್ಣು ಮುಚ್ಚಿಕೊಂಡು ತಲೆಯಲ್ಲಿ ಹೊಡೆದು ಕಳಿಸುತ್ತಿದ್ದ. ಒಂಟಿ ಕಾಲಲ್ಲಿ ಎಗರಲಾಗಲಿಲ್ಲ. ಅವನ ತಲೆಯ ಮೇಲಿಂದ ದಾಟಿದ ಚೆಂಡನ್ನು ಅದೇ ಮುಂಚೂಣಿಯ ಹುಡುಗ ಒಳಗೆ ಒದ್ದಿದ್ದ. ಎರಡು ಒಂದು. ಯುವಕ ಆಗ ಚೀಟಿ ಇಸಿದುಕೊಂಡು, ಬಹಳ ಮರ್ಯಾದೆಯಿಂದ, ಓರ್ಗಿಲ್‌ನ ಸಂಖ್ಯೆ ಹಾಕಿ ಹಲಗೆ ಎತ್ತಿದ. ಚೆಂಡು ನಡುವಿಗೆ ಬಂದು ಒಂದು ಒದೆ ಬೀಳುವಷ್ಟರಲ್ಲಿ ಕೊನೆಯ ಸೀಟಿ.

ಮೇಷ್ಟ್ರು ಅಲ್ಲಾಡದೆ ನಿಂತಿದ್ದರು. ಸುತ್ತ ಎಲ್ಲರ ಕೈಯಲ್ಲೂ ಫೋನುಗಳಿದ್ದವು. ಆ ಹೊತ್ತಿಗಾಗಲೇ, ಹಿಂದೆ ಗೋಲಾಗುತ್ತಿರುವಾಗ ಮುಂದೆ ಕೈಕುಲುಕುತ್ತಿರುವ ಗೊಂಚಿಗ್ ಮೇಷ್ಟ್ರು ಊರಿಡೀ ಹರಿದಾಡತೊಡಗಿದ್ದರು. ಮೈದಾನದಲ್ಲಿ ಓರ್ಗಿಲ್ ಕುಂಟುತ್ತಾ ಹೋಗಿ ಗುವಾಮಿನ ಮುಂಚೂಣಿಯ ಹುಡುಗನಿಗೆ ಕೈ ಕೊಟ್ಟ. ಪುರೆವ್ ಮೆಟ್ಟಿಲಿಳಿದು ಬಂದು, "ಮೇಷ್ಟ್ರೇ..." ಎಂದ.

"ಬಾಯಿ ಮುಚ್ಚು. ಆ ಹೊರಗಿನವನನ್ನೇ ಕರೆಸ್ಕೊ," ಎಂದರು ಮೇಷ್ಟ್ರು. ಅವನು ತಲೆ ತಗ್ಗಿಸಿದ. ಅವನ ಬಳಿ ಜಗಳಕ್ಕೆ ಹಿಡಿದುಕೊಂಡು ಹೋಗಲು ಏನೂ ಉಳಿದಿರಲಿಲ್ಲ.

ಬಟ್ಟೆ ಬದಲಿಸುವ ಕೋಣೆಯೊಳಗೆ ಹುಡುಗರೆಲ್ಲ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದರು. ಮೇಷ್ಟ್ರು ಬಾಗಿಲು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಂತರು. ಯಾರೂ ಅವರತ್ತ ನೋಡಲಿಲ್ಲ. ಅವರು ಕಾದರು. ಯಾರಾದರೂ ನಗಲಿ ಎಂದು ಕಾದರು, ಯಾರಾದರೂ ಬೂಟು ಎತ್ತಿ ಎಸೆಯಲಿ ಎಂದು ಕಾದರು. ನಾಲ್ಕು ದಿನದ ಕೆಳಗೆ ಇದೇ ಕೋಣೆಯಲ್ಲಿ ಒಬ್ಬ ಹುಡುಗನನ್ನು ಗೋಡೆಗೆ ಮುಖ ಮಾಡಿಸಿ ಅಳಿಸಿದ್ದರು. ಈಗ ತಮ್ಮ ಸರದಿ ಎಂದು ಅವರಿಗೆ ಗೊತ್ತಿತ್ತು.

"ಬೈಯ್ರೋ," ಎಂದರು. "ಬಾಯಿಲ್ವಾ? ನಾನು ಬೈತಿದ್ನಲ್ಲ, ಹಾಗೇ ಬೈಯ್ರೋ. ಕಳೆದವನು ನಾನು. ನಿಮ್ಮ ಪಾಯಿಂಟು ಕಳೆದವನು ನಾನು!"

ಓರ್ಗಿಲ್ ಮೀನಖಂಡಕ್ಕೆ ಮಂಜುಗಡ್ಡೆಯ ಚೀಲ ಒತ್ತಿ ಹಿಡಿದಿದ್ದ. ಪಕ್ಕದ ಶಿಜಿರ್ ಅವನನ್ನು ಮೊಣಕೈಯಲ್ಲಿ ತಿವಿದ. ಓರ್ಗಿಲ್ ಗಂಟಲು ಸರಿಮಾಡಿಕೊಂಡ.

"ಮೇಷ್ಟ್ರೇ, ಒಂದು ಕೇಳ್ಲಾ?"

"ಕೇಳು."

"ನಮಗೆ ಒಳಗಿನಿಂದ ಸರಿಯಾಗಿ ಕಾಣಿಸ್ಲಿಲ್ಲ. ಆ ರೆಫ್ರಿ ಕೈ ಕೊಟ್ರಾ?"

ಮೇಷ್ಟ್ರಿಗೆ ಮೊದಲು ಅರ್ಥವಾಗಲಿಲ್ಲ. ಇಪ್ಪತ್ತು ಮುಖಗಳು ಈಗ ಅವರತ್ತಲೇ ತಿರುಗಿದ್ದವು, ಒಂದರಲ್ಲೂ ಸಿಟ್ಟಿರಲಿಲ್ಲ. ಅಷ್ಟು ಹೊತ್ತೂ ಇವರು ಇದೊಂದನ್ನೇ ಕೇಳಲು ಧೈರ್ಯ ಸಾಲದೆ ಕೂತಿದ್ದರು.

"ಕೊಟ್ಟ," ಎಂದರು.

"ಸದ್ಯ," ಎಂದ ಶಿಜಿರ್. ಬೆಂಚಿನುದ್ದಕ್ಕೂ ಉಸಿರು ಬಿಟ್ಟ ಸದ್ದು ಕೇಳಿತು. ಯಾರೋ ಬೂಟಿನ ದಾರ ಬಿಚ್ಚತೊಡಗಿದರು.

"ಹಾಗಾದ್ರೆ ಸರಿ ಬಿಡಿ ಮೇಷ್ಟ್ರೇ," ಎಂದ ಓರ್ಗಿಲ್.

"ಏನೋ ಸರಿ?" ಮೇಷ್ಟ್ರ ದನಿ ಒಡೆಯಿತು. "ಏನು ಸರಿ ಹೋಯ್ತ್ರೋ? ಸೋತಿದ್ದೀವಿ! ಇಪ್ಪತ್ತೊಂಬತ್ತು ಪಂದ್ಯ ಸೋತಿದ್ದೀವಿ!"

"ಸೋತಿದ್ದೀವಿ, ಹೌದು," ಎಂದ ಓರ್ಗಿಲ್. "ನಾನು ಇವತ್ತು ತುಳಿದಾಗ ಕೈ ಕೊಡಲಿಲ್ಲ ಮೇಷ್ಟ್ರೇ. ಆಮೇಲೆ ಹದಿನೈದು ನಿಮಿಷ ನನಗೆ ಚೆಂಡೇ ಕಾಣ್ತಿರ್ಲಿಲ್ಲ, ಅವನೇ ಕಾಣ್ತಿದ್ದ. ಕೈ ಸಿಗದೇ ಇದ್ದಿದ್ರೆ ಇವತ್ತು ರಾತ್ರಿ ನಿಮಗೆ ನಿದ್ದೆ ಬರ್ತಿತ್ತಾ?"

ಬರುತ್ತಿತ್ತು ಎನ್ನಲು ಮೇಷ್ಟ್ರು ಬಾಯಿ ತೆರೆದರು. ಆ ಯುವಕನ ಬೆಚ್ಚಗಿನ ಅಂಗೈ ತಮ್ಮ ಕೈಗೆ ಸಿಕ್ಕ ಗಳಿಗೆಯಲ್ಲಿ ಎದೆಯಿಂದ ಏನೋ ಭಾರ ಇಳಿದಿತ್ತು. ಹಿಂದೆ ಕೂಗು ಎದ್ದಾಗಲೂ, ಗೋಲಾಯಿತು ಎಂದು ತಿಳಿದಾಗಲೂ, ಒಂದು ಕ್ಷಣ ಆ ಹಗುರ ಹಾಗೆಯೇ ಉಳಿದಿತ್ತು. ಅದನ್ನು ನೆನೆದು ಅವರಿಗೆ ನಾಚಿಕೆಯಾಯಿತು, ಈ ಹುಡುಗರಿಗೆ ಹಾಕಿಸಿದ ಸುತ್ತುಗಳೆಲ್ಲ ಕಣ್ಣ ಮುಂದೆ ಬಂದವು.

"ಇಲ್ಲ ಕಣೋ," ಎಂದರು. "ಬರ್ತಿರ್ಲಿಲ್ಲ."

ಹೇಳಿ, ಓರ್ಗಿಲ್‌ನ ಪಕ್ಕದಲ್ಲಿ ಜಾಗ ಮಾಡಿಸಿಕೊಂಡು ಬೆಂಚಿನ ಮೇಲೆ ಕುಸಿದು ಕೂತರು.